ಗಾಂಧೀಜಿ ನಿಜವಾಗಿ ದಿನಕ್ಕೆ ಎಷ್ಟು ನಡೆಯುತ್ತಿದ್ದರು? ಅರವತ್ತು ವರ್ಷ ಬಿಡದೆ ಉಳಿದ ಒಂದು ಅಭ್ಯಾಸದ ಕಥೆ

ಪ್ರತಿ ವರ್ಷ ಅಕ್ಟೋಬರ್ 2 ಹತ್ತಿರ ಬಂದಂತೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತಾಡುತ್ತದೆ. ಗಾಂಧೀಜಿ ಸುಮಾರು 40 ವರ್ಷ ಕಾಲ ದಿನಕ್ಕೆ 18 ಕಿಲೋಮೀಟರ್ ನಡೆದರಂತೆ. 1913ರಿಂದ 1948ರವರೆಗೆ ಒಟ್ಟು 79 ಸಾವಿರ ಕಿಲೋಮೀಟರ್ ನಡೆದರಂತೆ, ಅಂದರೆ ಭೂಮಿಗೆ ಎರಡು ಸುತ್ತು! ಇದು ಯಾರೋ ಕಟ್ಟಿದ ಸುಳ್ಳಲ್ಲ. ಗಾಂಧೀಜಿಯ 150ನೇ ಜಯಂತಿಯ ಸಂದರ್ಭದಲ್ಲಿ, 2019ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಅವರ ಆರೋಗ್ಯದ ಬಗ್ಗೆ ಹೊರತಂದ ಪ್ರಕಟಣೆಯ ಮೂಲಕ ಈ ಅಂಕಿಗಳು ಎಲ್ಲೆಡೆ ಹರಡಿದವು.

ಆದರೆ ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ನೋಡಿ. ದಿನಕ್ಕೆ 18 ಕಿ.ಮೀ.ನಂತೆ 35 ವರ್ಷ ನಡೆದರೆ 2 ಲಕ್ಷ 29 ಸಾವಿರ ಕಿಲೋಮೀಟರ್ ದಾಟುತ್ತದೆ. ಭೂಮಿಗೆ ಎರಡಲ್ಲ, ಐದೂವರೆಗಿಂತ ಹೆಚ್ಚು ಸುತ್ತು. 79 ಸಾವಿರವನ್ನೇ 35 ವರ್ಷಕ್ಕೆ ಹಂಚಿದರೆ ದಿನಕ್ಕೆ ಬರುವುದು 6 ಕಿ.ಮೀ. ಮತ್ತು ಸ್ವಲ್ಪ. ಎರಡೂ ಅಂಕಿಗಳನ್ನು ಒಂದೇ ಉಸಿರಿನಲ್ಲಿ ಹೇಳಲು ಬರುವುದಿಲ್ಲ.

ಜೈಲು, ರೈಲು ಪ್ರಯಾಣ, ಉಪವಾಸ, ಕಾಯಿಲೆ ಎಲ್ಲವೂ ತುಂಬಿದ ಬದುಕಿಗೆ ದಿನದ ಸರಾಸರಿ 6 ಕಿ.ಮೀ. ಎಂಬುದೇ ಹೆಚ್ಚು ನಂಬುವಂಥದ್ದು. ಸಾಧಾರಣ ವೇಗದಲ್ಲಿ ಒಂದೂಕಾಲು ಗಂಟೆಯ ನಡಿಗೆ ಅದು. ಕೇಳಿದರೆ ಯಾರೂ ಬೆರಗಾಗುವುದಿಲ್ಲ. ಬೆರಗು ಇರುವುದು ಬೇರೆ ಕಡೆ. ಹುಡುಗನಾಗಿದ್ದಾಗ ಹಿಡಿದ ಈ ಅಭ್ಯಾಸ 78ನೇ ವಯಸ್ಸಿನ ಕೊನೆಯ ದಿನದವರೆಗೂ ಬಿಟ್ಟುಹೋಗಲಿಲ್ಲ. ನಮ್ಮಲ್ಲಿ ಹೆಚ್ಚಿನವರ ವ್ಯಾಯಾಮ ಜನವರಿಯಲ್ಲಿ ಶುರುವಾಗಿ ಶಿವರಾತ್ರಿಯೊಳಗೆ ಮುಗಿದಿರುತ್ತದೆ. ಅವರದು ಉಳಿದದ್ದು ಹೇಗೆ? ಮತ್ತು ಅಷ್ಟು ನಡೆದ ಮನುಷ್ಯ 1927ರಲ್ಲಿ ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿಯ ದಾರಿಯಲ್ಲಿ ಕುಸಿದದ್ದು ಏಕೆ? ಈ ಎರಡು ಪ್ರಶ್ನೆಗಳನ್ನು ಹಿಡಿದು ಅವರ ಬದುಕನ್ನು ಒಮ್ಮೆ ನೋಡೋಣ.

ಆಟಕ್ಕೆ ಹೆದರಿದ ಹುಡುಗ

ಮೋಹನದಾಸ ಕರಮಚಂದ ಗಾಂಧಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಪೋರಬಂದರಿನಲ್ಲಿ. ಓದಿದ್ದು ರಾಜಕೋಟೆಯಲ್ಲಿ. ಕ್ರೀಡೆಯಲ್ಲಿ ಮುಂದಿದ್ದ ಹುಡುಗನೇನೂ ಅಲ್ಲ. ಶಾಲೆಯ ಮುಖ್ಯೋಪಾಧ್ಯಾಯರು ಮೇಲಿನ ತರಗತಿಗಳಿಗೆ ಕಸರತ್ತು ಮತ್ತು ಕ್ರಿಕೆಟ್ ಕಡ್ಡಾಯ ಮಾಡಿದ್ದರು. ಈ ಹುಡುಗನಿಗೆ ಎರಡೂ ಬೇಡವಾಗಿದ್ದವು. ಒಂದು ಕಾರಣ ಸಂಕೋಚ. ಇನ್ನೊಂದು, ಶಾಲೆ ಬಿಟ್ಟ ಕೂಡಲೇ ಮನೆಗೆ ಓಡಿ ಕಾಯಿಲೆ ಬಿದ್ದ ತಂದೆಯ ಶುಶ್ರೂಷೆ ಮಾಡಬೇಕೆಂಬ ಆಸೆ. ಒಂದು ಶನಿವಾರ ಮೋಡ ಕವಿದು ಹೊತ್ತು ತಿಳಿಯದೆ ಕಸರತ್ತಿನ ತರಗತಿ ತಪ್ಪಿಸಿಕೊಂಡು ದಂಡ ಹಾಕಿಸಿಕೊಂಡದ್ದೂ ಉಂಟು.

ಆ ಹೊತ್ತಿನಲ್ಲೇ ಬಯಲುಗಾಳಿಯಲ್ಲಿ ದೂರ ನಡೆಯುವುದು ಮೈಗೆ ಒಳ್ಳೆಯದು ಎಂದು ಎಲ್ಲೋ ಓದಿದ್ದರು. ಅದು ಹಿಡಿಸಿತು. ಜೊತೆಗಾರರು ಬೇಡ, ಮೈದಾನ ಬೇಡ, ಸೋಲು ಗೆಲುವಿನ ಮಾತಿಲ್ಲ. ಸಂಕೋಚದ ಹುಡುಗನಿಗೆ ಹೇಳಿ ಮಾಡಿಸಿದ ವ್ಯಾಯಾಮ. ಮುಂದೆ ಆತ್ಮಕಥೆ ಬರೆಯುವಾಗ ಅವರು ತಮ್ಮ ಮೈಕಟ್ಟು ಗಟ್ಟಿಯಾಗಿದ್ದಕ್ಕೆ ಈ ನಡಿಗೆಯನ್ನೇ ಕಾರಣವಾಗಿ ಗುರುತಿಸುತ್ತಾರೆ. ಶಾಲೆಯ ವ್ಯಾಯಾಮವನ್ನು ಹಗುರವಾಗಿ ಕಂಡದ್ದು ತಪ್ಪು, ಓದಿನಷ್ಟೇ ಅದಕ್ಕೂ ಜಾಗ ಇರಬೇಕಿತ್ತು ಎಂದೂ ಒಪ್ಪಿಕೊಳ್ಳುತ್ತಾರೆ.

ಇಲ್ಲಿ ಮೊದಲ ಮಿಥ್ಯೆ ಒಡೆಯುತ್ತದೆ. ಫಿಟ್‌ನೆಸ್ ಎಂಬುದು ಆಟಗಾರರ ಸೊತ್ತು, ಚಿಕ್ಕಂದಿನಲ್ಲಿ ಚುರುಕಾಗಿದ್ದವರಿಗೆ ಮಾತ್ರ ಒಲಿಯುತ್ತದೆ ಎಂಬುದು ನಿಜವಲ್ಲ. ಯಾವ ಚಟುವಟಿಕೆ ನಿಮ್ಮ ಸ್ವಭಾವಕ್ಕೆ ಒಗ್ಗುತ್ತದೋ ಅದೇ ಉಳಿಯುತ್ತದೆ. ನಾಲ್ಕು ಜನರ ಮುಂದೆ ಜಿಮ್‌ನಲ್ಲಿ ಭಾರ ಎತ್ತಲು ನಾಚುವವರು ವ್ಯಾಯಾಮಕ್ಕೇ ಲಾಯಕ್ಕಲ್ಲ ಎಂದು ತಿಳಿಯಬೇಕಿಲ್ಲ.

ಮನೆ ಹುಡುಕುವಾಗಲೇ ನಡಿಗೆಯ ಲೆಕ್ಕ

1888ರಲ್ಲಿ ಕಾನೂನು ಓದಲು ಲಂಡನ್ನಿಗೆ ಹೋದ ಯುವಕ ಮೊದಲ ದಿನಗಳಲ್ಲಿ ಇಂಗ್ಲಿಷ್ ಜಂಟಲ್‌ಮನ್ ಆಗಲು ಹೊರಟಿದ್ದ. ಒಳ್ಳೆಯ ಸೂಟು, ನೃತ್ಯದ ಪಾಠ, ಪಿಟೀಲು ಎಲ್ಲವೂ ಆಯಿತು. ಕೆಲವೇ ತಿಂಗಳಲ್ಲಿ ದುಡ್ಡಿನ ಬಿಸಿ ತಾಗಿತು. ಆಮೇಲೆ ಪೈಸೆ ಪೈಸೆಗೂ ಲೆಕ್ಕ ಬರೆಯತೊಡಗಿದರು. ವಸತಿ ಬದಲಿಸುವಾಗ ಒಂದು ಜಾಣತನ ಮಾಡಿದರು. ತಮಗೆ ಕೆಲಸವಿರುವ ಜಾಗಕ್ಕೆ ಅರ್ಧ ಗಂಟೆಯಲ್ಲಿ ನಡೆದು ಮುಟ್ಟುವಂಥ ಕೋಣೆಯನ್ನೇ ಆರಿಸಿಕೊಂಡರು. ಗಾಡಿ ಬಾಡಿಗೆ ಉಳಿಯಿತು, ದಿನಕ್ಕೆ ಎಂಟು ಹತ್ತು ಮೈಲಿ ನಡಿಗೆಯೂ ಆಯಿತು. ಮಾಂಸ ತಿನ್ನುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟು ಬಂದಿದ್ದರಿಂದ ಶಾಕಾಹಾರಿ ಹೋಟೆಲು ಹುಡುಕಿಕೊಂಡು ಊರೆಲ್ಲ ಅಲೆದದ್ದು ಬೇರೆ.

1891ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿದ ಮೇಲೆ ಮುಂಬೈಯಲ್ಲಿ ಕೆಲಕಾಲ ವಕೀಲಿ ಮಾಡಲು ಕುಳಿತರು. ಕೇಸು ಹೆಚ್ಚು ಬರಲಿಲ್ಲ. ಮನೆ ಗಿರಗಾಂವದಲ್ಲಿ. ಹೈಕೋರ್ಟಿಗೆ ಮುಕ್ಕಾಲು ಗಂಟೆ ನಡೆದೇ ಹೋಗುವುದು, ನಡೆದೇ ಬರುವುದು. ಬಿಸಿಲಿಗೂ ಮೈ ಒಗ್ಗಿತು. ಪರಿಚಯದವರು ಆಗಾಗ ಕಾಯಿಲೆ ಬೀಳುತ್ತಿದ್ದ ಆ ಊರಿನಲ್ಲಿ ತಾವು ಒಮ್ಮೆಯೂ ಮಲಗಲಿಲ್ಲ ಎಂಬುದು ಅವರ ನೆನಪು.

ಈ ಎರಡೂ ಊರುಗಳಲ್ಲಿ ಅವರು ವ್ಯಾಯಾಮಕ್ಕೆಂದು ಬೇರೆ ಸಮಯ ತೆಗೆದಿಡಲಿಲ್ಲ ಎಂಬುದನ್ನು ಗಮನಿಸಿ. ಹೇಗೂ ಹೋಗಲೇಬೇಕಾದ ಕಡೆಗೆ ಕಾಲಿನ ಮೇಲೆ ಹೋದರು. ಕೆಲಸ ಇರುವ ತನಕ ನಡಿಗೆಯೂ ಇರುತ್ತದೆ. ಪ್ರತಿ ಬೆಳಿಗ್ಗೆ ಹೋಗಲೋ ಬೇಡವೋ ಎಂದು ಮನಸ್ಸನ್ನು ಕೇಳುವ ಪ್ರಸಂಗವೇ ಬರುವುದಿಲ್ಲ.

ಅಭ್ಯಾಸಗಳ ಬಗೆಗಿನ ಸಂಶೋಧನೆ ಹೇಳುವುದೂ ಇದನ್ನೇ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದರು. ಪ್ರತಿಯೊಬ್ಬರೂ ಒಂದು ಹೊಸ ಕೆಲಸವನ್ನು ದಿನದ ಒಂದು ಗೊತ್ತಾದ ಸಂದರ್ಭಕ್ಕೆ ಕಟ್ಟಿಕೊಂಡಿದ್ದರು, ಉದಾಹರಣೆಗೆ ತಿಂಡಿಯಾದ ಮೇಲೆ, ಊಟಕ್ಕೆ ಮುಂಚೆ. ಅದು ತಾನಾಗಿ ನಡೆಯುವ ಅಭ್ಯಾಸವಾಗಲು ಹಿಡಿದ ಮಧ್ಯಮ ಅವಧಿ 66 ದಿನ. ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನ ಬೇಕಾಗಬಹುದು ಎಂದು ಲೆಕ್ಕ ಹೇಳಿತು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ.

ಹಾಗಾದರೆ 21 ದಿನ ಮಾಡಿದರೆ ಯಾವುದೇ ಅಭ್ಯಾಸ ಕೂರುತ್ತದೆ ಎಂಬ ಮಾತು ಎಲ್ಲಿಂದ ಬಂತು? ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರ ಪುಸ್ತಕವೊಂದರಲ್ಲಿ, ಶಸ್ತ್ರಚಿಕಿತ್ಸೆಯಾದ ರೋಗಿಗಳು ತಮ್ಮ ಹೊಸ ರೂಪಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಬೇಕೆಂದು ಬರೆದರು. ಬಾಯಿಂದ ಬಾಯಿಗೆ ಹೋಗುವಾಗ ಕನಿಷ್ಠ ಎಂಬ ಪದ ಬಿದ್ದುಹೋಯಿತು. 22ನೇ ದಿನವೂ ಸೋಮಾರಿತನ ಕಾಡಿದರೆ ನಿಮ್ಮಲ್ಲಿ ದೋಷವಿದೆ ಎಂದರ್ಥವಲ್ಲ.

ಬೆಳಗಾವಿಯಿಂದ ಜಾಂಬೋಟಿ ದಾಟುವಷ್ಟು ದೂರ

1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ ಗಾಂಧಿ ಅಲ್ಲಿ ಎರಡು ದಶಕ ಕಳೆದರು. 1910ರಲ್ಲಿ ಗೆಳೆಯ ಹರ್ಮನ್ ಕಾಲೆನ್‌ಬಾಕ್ ಒದಗಿಸಿದ 1,100 ಎಕರೆ ಜಮೀನಿನಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಆರಂಭವಾಯಿತು. ಜೈಲಿಗೆ ಹೋದ ಸತ್ಯಾಗ್ರಹಿಗಳ ಕುಟುಂಬಗಳು ಅಲ್ಲಿದ್ದವು. ಅಲ್ಲಿಂದ ಜೋಹಾನ್ಸ್‌ಬರ್ಗ್ 21 ಮೈಲಿ, ಅಂದರೆ ಸುಮಾರು 34 ಕಿಲೋಮೀಟರ್. ಅದನ್ನು ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ, ಬೆಳಗಾವಿಯಿಂದ ಹೊರಟು ಪೀರನವಾಡಿ, ಕಿಣಯೆ ದಾಟಿ ಖಾನಾಪುರ ತಾಲ್ಲೂಕಿನ ಜಾಂಬೋಟಿ ಮುಟ್ಟಿದರೂ ಇನ್ನೂ ಸ್ವಲ್ಪ ಬಾಕಿ ಉಳಿಯುವಷ್ಟು ದೂರ.

ಫಾರ್ಮಿನಲ್ಲಿ ಒಂದು ನಿಯಮವಿತ್ತು. ಸಂಸ್ಥೆಯ ಕೆಲಸಕ್ಕೆ ಹೋಗುವವರು ರೈಲಿನ ಮೂರನೇ ದರ್ಜೆಯಲ್ಲಿ ಹೋಗಬಹುದು. ಸುತ್ತಾಡಲು ಹೋಗುವವರು ನಡೆದೇ ಹೋಗಬೇಕು, ಬುತ್ತಿ ಕಟ್ಟಿಕೊಂಡು ಹೋಗಬೇಕು. ರಾತ್ರಿ ಎರಡಕ್ಕೆ ಎದ್ದು ಎರಡೂವರೆಗೆ ಹೊರಟರೆ ಆರೇಳು ಗಂಟೆಯಲ್ಲಿ ಊರು ಮುಟ್ಟುತ್ತಿದ್ದರು. ಅಲ್ಲಿನ ಅತಿ ಕಡಿಮೆ ಸಮಯದ ದಾಖಲೆ 4 ಗಂಟೆ 18 ನಿಮಿಷ. ಇದು ದಿನದ ಪಾಡಲ್ಲ, ಯಾವಾಗಲೋ ಒಮ್ಮೆ ಬರುತ್ತಿದ್ದ ದೊಡ್ಡ ನಡಿಗೆ. ಉಳಿದ ದಿನಗಳಲ್ಲಿ ಅಗೆತ, ಕಟ್ಟಡದ ಕೆಲಸ, ಬಡಗಿತನ, ಚಪ್ಪಲಿ ಹೊಲಿಯುವುದು, ಹಿಟ್ಟು ಬೀಸುವುದು ಇದ್ದೇ ಇತ್ತು.

ಮೈಯನ್ನು ದುಡಿಸುವ ಕೆಲಸ ಹೃದಯಕ್ಕೆ ಒಳ್ಳೆಯದೇ ಎಂಬುದು ಆಗ ಅನುಭವದ ಮಾತು ಮಾತ್ರ. ಅದಕ್ಕೆ ಅಂಕಿಗಳ ಬಲ ಬಂದದ್ದು 1953ರಲ್ಲಿ. ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಜೆರೆಮಿ ಮಾರಿಸ್ ಎಂಬ ವೈದ್ಯ ಹೋಲಿಸಿ ನೋಡಿದರು. ಒಂದೇ ಬಸ್ಸು, ಒಂದೇ ದಾರಿ. ಡ್ರೈವರ್ ದಿನವಿಡೀ ಕುಳಿತಿರುತ್ತಾನೆ, ಕಂಡಕ್ಟರ್ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದಯದ ರಕ್ತನಾಳಗಳ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆ ಇತ್ತು. ಅವರು ಯಾರೂ ವ್ಯಾಯಾಮ ಮಾಡುತ್ತೇವೆಂದು ಮೆಟ್ಟಿಲು ಹತ್ತಿದವರಲ್ಲ. ಚಾಲಕರಾಗುವವರ ಮೈಕಟ್ಟೇ ಮೊದಲಿನಿಂದ ಬೇರೆ ಇತ್ತೇ ಎಂಬ ಚರ್ಚೆ ಆಮೇಲೆ ನಡೆಯಿತು. ಆದರೆ ಅಂದಿನಿಂದ ಬಂದ ನೂರಾರು ಅಧ್ಯಯನಗಳು ಕುಳಿತೇ ಇರುವುದು ಕೆಡುಕು ಎಂಬ ಮಾತನ್ನು ಗಟ್ಟಿ ಮಾಡಿವೆ.

1913ರ ನವೆಂಬರಿನಲ್ಲಿ ಗಾಂಧಿ 2,000ಕ್ಕೂ ಹೆಚ್ಚು ಜನರೊಂದಿಗೆ ನೇಟಾಲಿನ ಗಡಿ ದಾಟಿ ಟ್ರಾನ್ಸ್‌ವಾಲಿಗೆ ನಡೆದರು. ಅವರಲ್ಲಿ 127 ಹೆಂಗಸರು, 57 ಮಕ್ಕಳಿದ್ದರು. ಅಲ್ಲಿಂದ ಮುಂದೆ ನಡಿಗೆ ಅವರ ಪಾಲಿಗೆ ಚಳವಳಿಯ ಸಾಧನವೂ ಆಯಿತು.

ನಡಿಗೆ ಕೈಕೊಟ್ಟ ವರ್ಷ

ಇಷ್ಟು ಓದಿದ ಮೇಲೆ ನಡೆದರೆ ಸಾಕು, ಬೇರೇನೂ ಬೇಡ ಎಂದು ಅನ್ನಿಸಬಹುದು. 1918ರಲ್ಲಿ ಗಾಂಧೀಜಿಗೂ ಹಾಗೇ ಅನ್ನಿಸಿರಬೇಕು.

ಆ ವರ್ಷ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಅವರು ಸೇನೆಗೆ ಜನ ಸೇರಿಸುವ ಕೆಲಸದಲ್ಲಿ ತೊಡಗಿದ್ದರು. ಹಳ್ಳಿಗಳಲ್ಲಿ ಗಾಡಿ ಸಿಗದೆ ಕೆಲವು ದಿನ 20 ಮೈಲಿಯವರೆಗೂ ನಡೆಯಬೇಕಾಯಿತು. ಊಟವೆಂದರೆ ಮುಖ್ಯವಾಗಿ ನೆಲಗಡಲೆಯ ಬೆಣ್ಣೆ ಮತ್ತು ನಿಂಬೆಹಣ್ಣು. ಹಾಲು ಬಿಟ್ಟು ಹಲವು ವರ್ಷಗಳಾಗಿದ್ದವು. ಮೈ ಸೋತು, ಭೇದಿ ಹತ್ತಿ, ಬದುಕುವ ಆಸೆಯೇ ಹೋಗುವಷ್ಟು ಬಳಲಿದರು. ವೈದ್ಯರು ಹಾಲು ಕುಡಿಯಲೇಬೇಕೆಂದರು. ಇವರು ಹಾಲು ಬಿಡುವ ವ್ರತ ಹಿಡಿದಿದ್ದರು. ಕೊನೆಗೆ ಕಸ್ತೂರ ಬಾ ಒಂದು ದಾರಿ ತೋರಿಸಿದರು: ವ್ರತ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು ಎಮ್ಮೆಯ ಹಾಲು ತಾನೇ, ಆಡಿನ ಹಾಲು ಆಗಬಹುದಲ್ಲ. 1919ರಲ್ಲಿ ಆಡಿನ ಹಾಲು ಶುರುವಾಯಿತು, ಮೈ ಚೇತರಿಸಿತು. ಗಾಂಧಿ ಎಂದರೆ ಆಡಿನ ಹಾಲು ಎಂದು ಇಂದಿಗೂ ನಾವು ನೆನೆಯುವ ಆ ಅಭ್ಯಾಸದ ಹಿಂದೆ ಇರುವುದು ಒಂದು ಕಾಯಿಲೆ.

ಇದರಿಂದ ತಿಳಿಯುವುದು ಸರಳ. ನಡಿಗೆ ಊಟದ ಕೊರತೆಯನ್ನು ತುಂಬುವುದಿಲ್ಲ. ದಿನಾ ಹೆಚ್ಚು ಮೈ ದಂಡಿಸುವವರಿಗೆ ಶಕ್ತಿಯೂ ಪ್ರೋಟೀನೂ ಹೆಚ್ಚು ಬೇಕು. ಮಾಂಸ ಮೊಟ್ಟೆ ತಿನ್ನದವರಿಗೆ ಬೇಳೆಕಾಳು, ಹಾಲು, ಮೊಸರು ಮುಖ್ಯ. ವಿಟಮಿನ್ ಬಿ12 ಸಸ್ಯಾಹಾರದಲ್ಲಿ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಹಾಲನ್ನೂ ಬಿಟ್ಟವರು ವೈದ್ಯರನ್ನು ಕೇಳಿ ಅದನ್ನು ಬೇರೆ ರೂಪದಲ್ಲಿ ಪಡೆಯಬೇಕಾಗುತ್ತದೆ.

ಬೆಳಗಾವಿಯ ಎರಡು ಭೇಟಿಗಳು, ಎರಡು ಬಗೆಯಲ್ಲಿ

1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಹುದಲಿಯ ಗಂಗಾಧರರಾವ್ ದೇಶಪಾಂಡೆ ಅದರ ಹಿಂದಿನ ಶಕ್ತಿ. ಟಿಳಕವಾಡಿಯ ಆ ಜಾಗದಲ್ಲಿ ಇಂದಿಗೂ ವೀರಸೌಧವಿದೆ, ಅಧಿವೇಶನಕ್ಕೆಂದು ತೋಡಿಸಿದ ಬಾವಿಯೂ ಇದೆ.

ಅಂದು ಬೆಳಗಾವಿಗೆ ಬಂದಿಳಿದ 55 ವರ್ಷದ ಮನುಷ್ಯನ ಮೈ ಆ ಒಂದೇ ವರ್ಷದಲ್ಲಿ ಎಷ್ಟು ಅನುಭವಿಸಿತ್ತು ನೋಡಿ. ಯರವಡಾ ಜೈಲಿನಲ್ಲಿದ್ದಾಗ ಅಪೆಂಡಿಸೈಟಿಸ್ ಆಗಿ ಜನವರಿ 12ರಂದು ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ನಡುವೆ ದೀಪ ಆರಿ, ಲಾಟೀನಿನ ಬೆಳಕಿನಲ್ಲಿ ಮುಗಿಸಬೇಕಾಯಿತು. ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ 21 ದಿನದ ಉಪವಾಸ. ಮೂರು ತಿಂಗಳು ತುಂಬುವಷ್ಟರಲ್ಲಿ ಬೆಳಗಾವಿಯ ಸಭೆಗಳು.

ಎರಡು ವರ್ಷ ಕಳೆದು ಮತ್ತೆ ಈ ಕಡೆ ಬಂದಾಗ ಮೈ ಕೇಳಲಿಲ್ಲ. 1927ರಲ್ಲಿ ಖಾದಿ ಪ್ರಚಾರಕ್ಕೆಂದು ಮಹಾರಾಷ್ಟ್ರ, ಕರ್ನಾಟಕದ ಪ್ರವಾಸ. ದಿನಕ್ಕೆ ಹಲವು ಸಭೆ, ಬಿಸಿಲು, ನಿದ್ದೆಗೇಡು. ಮಾರ್ಚ್ ಕೊನೆಯ ವಾರ ಕೊಲ್ಹಾಪುರದಲ್ಲಿ ಸಾಲು ಸಾಲು ಕಾರ್ಯಕ್ರಮಗಳ ನಡುವೆ ಅವರು ಕುಸಿದರು. ರಕ್ತದೊತ್ತಡ ವಿಪರೀತ ಏರಿತ್ತು. ಅದು ಲಘು ಪಾರ್ಶ್ವವಾಯುವಿನ ಹೊಡೆತವೆಂದು ಅವರ ಜೀವನದ ದಾಖಲೆಗಳು ಹೇಳುತ್ತವೆ. ನಿಪ್ಪಾಣಿ, ಬೆಳಗಾವಿ ಹಾದು ಅವರನ್ನು ತಂಪು ಹವೆಗೆಂದು ಅಂಬೋಲಿಗೆ ಕರೆದೊಯ್ದರು. ಜಾಂಬೋಟಿಯ ಕಾಡು ಇರುವ ಅದೇ ಸಹ್ಯಾದ್ರಿ ಸಾಲಿನಲ್ಲಿ, ಸಾವಂತವಾಡಿಯ ಕಡೆ ಇಳಿಯುವ ಘಟ್ಟದ ತಲೆಯ ಮೇಲಿನ ಊರು ಅದು. ಏಪ್ರಿಲಿನಲ್ಲಿ ಅಲ್ಲಿಂದ ಬೆಂಗಳೂರಿನ ಹತ್ತಿರದ ನಂದಿ ಬೆಟ್ಟಕ್ಕೆ. 1,478 ಮೀಟರ್ ಎತ್ತರದ ಆ ಬೆಟ್ಟದಲ್ಲಿ ಜೂನ್ ಮೊದಲ ವಾರದವರೆಗೆ ಇದ್ದು, ಬಳಿಕ ಬೆಂಗಳೂರಿನ ಕುಮಾರಪಾರ್ಕಿಗೆ ಬಂದರು. ಆಗಸ್ಟ್ ಕೊನೆಯವರೆಗೂ ಮೈಸೂರು ಸಂಸ್ಥಾನದಲ್ಲೇ ಉಳಿದರು.

ಐದು ತಿಂಗಳ ವಿಶ್ರಾಂತಿ ಏಕೆ ಬೇಕಾಯಿತು? ಆಗ ಬಿಪಿಗೆ ಮದ್ದಿರಲಿಲ್ಲ. ಇಂದು ನಾವು ನುಂಗುವಂಥ, ಅಡ್ಡಪರಿಣಾಮ ಕಡಿಮೆ ಇರುವ ಪರಿಣಾಮಕಾರಿ ಮಾತ್ರೆಗಳು ಬರತೊಡಗಿದ್ದು 1950ರ ದಶಕದ ಕೊನೆಯಲ್ಲಿ. 1927ರ ವೈದ್ಯರ ಕೈಯಲ್ಲಿ ಇದ್ದದ್ದು ವಿಶ್ರಾಂತಿ, ತಂಪು ಹವೆ, ಊಟದ ಪಥ್ಯ ಇಷ್ಟೇ.

ದಿನಾ ನಡೆಯುವವರಿಗೆ ಬಿಪಿ ಬರುವುದಿಲ್ಲವೇ?

ಬರುತ್ತದೆ. ತೆಳ್ಳಗಿರುವವರಿಗೂ ಬರುತ್ತದೆ. ಗಾಂಧೀಜಿಯೇ ಇದಕ್ಕೆ ದೊಡ್ಡ ಸಾಕ್ಷಿ. ಪರಿಷತ್ತಿನ ಅದೇ ಪ್ರಕಟಣೆಯಲ್ಲಿ ಅವರ ತೂಕ 46.7 ಕಿಲೋ, ಎತ್ತರ 165 ಸೆಂ.ಮೀ. ಎಂದಿದೆ. ಅಂದರೆ ಬಾಡಿ ಮಾಸ್ ಇಂಡೆಕ್ಸ್ ಕೇವಲ 17.1. ಇದು ಆರೋಗ್ಯಕರ ತೂಕಕ್ಕಿಂತ ಕೆಳಗೆ. ಆದರೂ 1937ರಲ್ಲಿ ಅವರ ರಕ್ತದೊತ್ತಡ 194/130, 1940ರಲ್ಲಿ 220/110 ದಾಖಲಾಗಿದೆ. ಇಂದು ಆಸ್ಪತ್ರೆಯಲ್ಲಿ ಯಾರಿಗಾದರೂ ಈ ಅಂಕಿ ಬಂದರೆ ವೈದ್ಯರು ಮನೆಗೆ ಕಳಿಸುವ ಮೊದಲು ಎರಡು ಸಲ ಯೋಚಿಸುತ್ತಾರೆ.

ನಿಯಮಿತ ನಡಿಗೆ ರಕ್ತನಾಳಗಳನ್ನು ಮೆತ್ತಗಿಡುತ್ತದೆ, ಬಿಪಿಯನ್ನು ಕೆಲವು ಅಂಕಗಳಷ್ಟು ಇಳಿಸುತ್ತದೆ. ಅದು ಸಣ್ಣ ಲಾಭವಲ್ಲ. ಆದರೆ ವಂಶದ ಗುಣ, ವಯಸ್ಸು, ಉಪ್ಪು, ನಿದ್ದೆಗೇಡು, ಒತ್ತಡ, ಮೂತ್ರಪಿಂಡದ ತೊಂದರೆ ಇವೆಲ್ಲ ಅದನ್ನು ಏರಿಸುತ್ತಲೇ ಇರುತ್ತವೆ. ಏರಿದ್ದು ಗೊತ್ತಾಗುವುದೂ ಇಲ್ಲ. ತಲೆನೋವಿಲ್ಲ, ತಲೆಸುತ್ತಿಲ್ಲ, ಹಾಗಾಗಿ ಬಿಪಿಯೂ ಇಲ್ಲ ಎಂಬುದು ಜನರನ್ನು ಆಸ್ಪತ್ರೆಗೆ ತಡವಾಗಿ ತಲುಪಿಸುವ ಮಿಥ್ಯೆ. ಇನ್ನೊಂದು ಅದಕ್ಕಿಂತ ಅಪಾಯಕಾರಿ: ವಾಕಿಂಗ್ ಶುರು ಮಾಡಿದ್ದೇನೆ, ಇನ್ನು ಮಾತ್ರೆ ಬಿಡಬಹುದು ಎನ್ನುವುದು. ನಡಿಗೆಯಿಂದ ಮಾತ್ರೆಯ ಪ್ರಮಾಣ ಕಡಿಮೆಯಾಗಬಹುದು. ಆ ತೀರ್ಮಾನ ವೈದ್ಯರದ್ದಾಗಿರಬೇಕು.

ಮುಖ ಒಂದು ಕಡೆ ಜೋಲುವುದು, ಒಂದು ಕೈ ಅಥವಾ ಕಾಲಿನ ಬಲ ಹೋಗುವುದು, ಮಾತು ತೊದಲುವುದು ಕಂಡರೆ ಬೆಳಗಾಗಲಿ ನೋಡೋಣ ಎಂದು ಕೂರಬೇಡಿ. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಜಾಂಬೋಟಿಯಂಥ ಕಾಡಂಚಿನ ಊರಿನಿಂದ ದೊಡ್ಡ ಆಸ್ಪತ್ರೆ ಇರುವ ಬೆಳಗಾವಿಗೆ ಹೋಗುವ ಸಮಯವೂ ಅದರಲ್ಲೇ ಸೇರಿದೆ.

ಕುಸಿದ ಮನುಷ್ಯ ಮೂರೇ ವರ್ಷದಲ್ಲಿ ದಂಡಿಗೆ

ಗಾಂಧೀಜಿಯ ಕಥೆ ನಂದಿ ಬೆಟ್ಟದಲ್ಲಿ ಮುಗಿಯಲಿಲ್ಲ. ಮೈ ಸುಧಾರಿಸಿದಂತೆ ಸ್ವಲ್ಪ ಸ್ವಲ್ಪವೇ ಓಡಾಟಕ್ಕೆ ಮರಳಿದರು. 1930ರ ಮಾರ್ಚ್ 12ರಂದು ಸಾಬರಮತಿ ಆಶ್ರಮದಿಂದ ಹೊರಟು ಏಪ್ರಿಲ್ 5ರಂದು ದಂಡಿ ಮುಟ್ಟಿದರು. 241 ಮೈಲಿ, ಅಂದರೆ ಸುಮಾರು 388 ಕಿಲೋಮೀಟರ್. ವಯಸ್ಸು 60. ನಡೆಯಲಾಗದಿದ್ದರೆ ಇರಲಿ ಎಂದು ಜೊತೆಗೆ ಒಂದು ಕುದುರೆ ಇಟ್ಟಿದ್ದರು. ಅದನ್ನು ಹತ್ತಲಿಲ್ಲ. ಆರಂಭದ ತಂಡದಲ್ಲಿ ಕರ್ನಾಟಕದಿಂದ ಇದ್ದವರು ಒಬ್ಬರೇ, ಈಗಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಇಪ್ಪತ್ತೂ ತುಂಬದ ತರುಣ.

ಆ ಯಾತ್ರೆಯ ವೇಳಾಪಟ್ಟಿಯಲ್ಲಿ ಇಂದಿನ ವ್ಯಾಯಾಮ ತಜ್ಞರು ಒಪ್ಪುವಂಥ ವಿವೇಕವಿದೆ. ದಿನಕ್ಕೆ ಸುಮಾರು 16 ಕಿ.ಮೀ.ನ ಸರಾಸರಿ, ಅದನ್ನೂ ಬೆಳಗಿನ ಮತ್ತು ಸಂಜೆಯ ತಂಪಿನಲ್ಲಿ ಎರಡು ಭಾಗ. ಮಧ್ಯಾಹ್ನ ಹಳ್ಳಿಯಲ್ಲಿ ತಂಗುವುದು. ಸೋಮವಾರ ಮೌನದ ದಿನ, ನಡಿಗೆಗೂ ರಜೆ. ಒಂದೇ ದಿನ ಹೆಚ್ಚು ನಡೆದು ಮರುದಿನ ಮಲಗುವ ಬದಲು ನಾಳೆಯೂ ನಡೆಯಲು ಆಗುವಷ್ಟೇ ನಡೆಯುವುದು. ಅದರ ಹಿಂದೆ ನಲವತ್ತು ವರ್ಷದ ತಳಪಾಯವೂ ಇತ್ತೆಂಬುದನ್ನು ಮರೆಯಬಾರದು. ತಿಂಗಳುಗಟ್ಟಲೆ ಸೋಫಾದ ಮೇಲೆ ಕುಳಿತು, ಎಲ್ಲಮ್ಮನ ಗುಡ್ಡಕ್ಕೋ ಪಂಢರಪುರಕ್ಕೋ ಏಕಾಏಕಿ ಪಾದಯಾತ್ರೆ ಹೊರಟರೆ ಕಾಲು ಬೊಬ್ಬೆ, ಮೊಣಕಾಲು ಊತ ಬರುವುದು ಸಹಜ. ಹೊರಡುವ ಕೆಲವು ವಾರ ಮೊದಲೇ ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಬರಬೇಕು.

1936ರಲ್ಲಿ ರಕ್ತದೊತ್ತಡದ ಕಾಟದಿಂದ ಮತ್ತೊಮ್ಮೆ ನಂದಿಗೆ ಬಂದರು. ಜೈಲಿನಲ್ಲಿದ್ದಾಗ ಅಂಗಳವೇ ದಾರಿಯಾಯಿತು. 1947ರ ಜನವರಿಯಲ್ಲಿ, 77ನೇ ವಯಸ್ಸಿನಲ್ಲಿ, ಕೋಮು ಹಿಂಸೆಯಿಂದ ನಲುಗಿದ ನೌಖಾಲಿಯ ಹಳ್ಳಿಗಳಲ್ಲಿ ಬರಿಗಾಲಿನಲ್ಲಿ ನಡೆದರು. ಏಳು ವಾರದಲ್ಲಿ 47 ಹಳ್ಳಿ, 116 ಮೈಲಿ. ಭಾಗಿಸಿ ನೋಡಿದರೆ ದಿನಕ್ಕೆ ನಾಲ್ಕು ಕಿಲೋಮೀಟರಿನ ಆಸುಪಾಸು. ವಯಸ್ಸಿಗೆ ತಕ್ಕಂತೆ ದೂರ ಇಳಿದಿತ್ತು, ಅಭ್ಯಾಸ ಇಳಿದಿರಲಿಲ್ಲ. 1948ರ ಜನವರಿ 30ರಂದು ಗುಂಡು ತಗುಲಿದಾಗಲೂ ಅವರು ದೆಹಲಿಯ ಬಿರ್ಲಾ ಭವನದ ತೋಟದಲ್ಲಿ ಪ್ರಾರ್ಥನೆಗೆ ನಡೆದು ಹೋಗುತ್ತಿದ್ದರು.

ಹಾಗಾದರೆ ನಾವೆಷ್ಟು ನಡೆಯಬೇಕು?

ದಿನಕ್ಕೆ 10,000 ಹೆಜ್ಜೆ ಎಂಬ ಗುರಿ ವೈದ್ಯರು ಕೊಟ್ಟದ್ದಲ್ಲ. 1960ರ ದಶಕದ ಮಧ್ಯದಲ್ಲಿ, ಟೋಕಿಯೋ ಒಲಿಂಪಿಕ್ಸ್ ಮುಗಿದ ಹೊಸತರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಾಧನವನ್ನು ಮಾರಾಟಕ್ಕೆ ತಂದಿತು. ಅದರ ಹೆಸರೇ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದಾಗಿತ್ತು. 2019ರಲ್ಲಿ ಅಮೆರಿಕದ 16,741 ವಯಸ್ಸಾದ ಮಹಿಳೆಯರ ಅಧ್ಯಯನ ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ ಸುಮಾರು 4,400 ಹೆಜ್ಜೆ ಇಡುವವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆ ಇತ್ತು. ಸುಮಾರು 7,500 ಹೆಜ್ಜೆಯ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಎಲ್ಲ ವಯಸ್ಸಿನವರಿಗೂ ಇದೇ ಗೆರೆ ಎಂದಲ್ಲ. ಆದರೆ ಸೊನ್ನೆಗೂ ಸ್ವಲ್ಪಕ್ಕೂ ನಡುವಿನ ಅಂತರವೇ ದೊಡ್ಡದು.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಿನ ನಡಿಗೆ ಸಾಕು. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಇದನ್ನು ಬರೀ ನಡಿಗೆ ಕೊಡುವುದಿಲ್ಲ. ಗಾಂಧೀಜಿಗೆ ಅಗೆತವೂ ಬೀಸುವ ಕಲ್ಲೂ ಇತ್ತು. ನಮಗೆ ಮಿಕ್ಸರ್ ಬಂದಿದೆ. ಹಾಗಾಗಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು, ಬಕೆಟ್ ಎತ್ತಿ ನಡೆಯುವುದು ಇಂಥದ್ದನ್ನು ಸೇರಿಸಿಕೊಳ್ಳಬೇಕು. 65 ದಾಟಿದವರು ಬೀಳದಂತೆ ಸಮತೋಲನದ ಅಭ್ಯಾಸವನ್ನೂ ಮಾಡಬೇಕು.

ಜಾಂಬೋಟಿ, ಕಣಕುಂಬಿಯ ಕಡೆ ಇರುವವರಿಗೆ ಪಟ್ಟಣದ ಸಲಹೆ ಹಾಗೇ ಒಗ್ಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಕರಡಿ ಓಡಾಡುವ ಕಾಡಂಚಿನಲ್ಲಿ ಕತ್ತಲಿರುವಾಗ ವಾಕಿಂಗ್ ಹೋಗುವುದು ಜಾಣತನವಲ್ಲ, ಗೋವೆಯ ಕಡೆಗೆ ವಾಹನ ಓಡುವ ರಸ್ತೆಯ ಬದಿಯೂ ಅಷ್ಟೇ. ಭತ್ತದ ನಾಟಿಯ ದಿನಗಳಲ್ಲಿ ಗದ್ದೆಗೆ ಇಳಿಯುವವರಿಗೆ ಬೇರೆ ವ್ಯಾಯಾಮ ಬೇಡ. ಆದರೆ ಸುಗ್ಗಿ ಮುಗಿದು ಬೈಕಿನ ಮೇಲೆಯೇ ಓಡಾಟ ಶುರುವಾದಾಗ ಬೇಕು. ಮಳೆಗಾಲಕ್ಕೆ ಪಡಸಾಲೆಯೇ ಸಾಕು. ಜೈಲಿನ ಅಂಗಳದಲ್ಲಿ ಆಗುವ ನಡಿಗೆ ನಮ್ಮ ಪಡಸಾಲೆಯಲ್ಲಿ ಆಗದೇ?

ಗಾಂಧೀಜಿಯ ಎಲ್ಲ ಆರೋಗ್ಯ ಪ್ರಯೋಗಗಳನ್ನೂ ನಾವು ಅನುಸರಿಸಬೇಕಿಲ್ಲ. ದೀರ್ಘ ಉಪವಾಸ, ಮದ್ದು ಬೇಡವೆಂಬ ಹಟ ನಮಗೆ ತಕ್ಕವಲ್ಲ. ತೆಗೆದುಕೊಳ್ಳಬೇಕಾದದ್ದು ಲಂಡನ್ನಿನ ಆ ವಿದ್ಯಾರ್ಥಿಯ ಉಪಾಯವನ್ನು. ದಿನವೂ ಹೇಗೂ ಮಾಡುವ ಒಂದು ಕೆಲಸವನ್ನು ಆರಿಸಿಕೊಳ್ಳಿ: ಹಾಲು ತರುವುದು, ಮಗುವನ್ನು ಶಾಲೆಗೆ ಬಿಡುವುದು, ಸಂತೆ, ಬಸ್ ಸ್ಟ್ಯಾಂಡ್. ಅದನ್ನು ಇನ್ನು ಮುಂದೆ ನಡೆದೇ ಮಾಡುತ್ತೇನೆಂದು ಗೊತ್ತು ಮಾಡಿಕೊಳ್ಳಿ. ಒಂದು ದಿನ ತಪ್ಪಿದರೆ ಮರುದಿನ ಹೋಗಿ. ಎರಡು ಮೂರು ತಿಂಗಳು ಕೊಡಿ. ಮೂವತ್ತು ದಾಟಿದ್ದರೆ ವರ್ಷಕ್ಕೊಮ್ಮೆಯಾದರೂ ಬಿಪಿ ನೋಡಿಸಿ. ಎದೆನೋವು, ಉಬ್ಬಸ, ಹೃದಯದ ತೊಂದರೆ ಇದ್ದವರು ನಡಿಗೆ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಿ.